ಟವಲಿನ ಕೆಳಗಿನ ದರ

ಹೋದ ವರ್ಷ ಚಿಕ್ಕಬಳ್ಳಾಪುರದ ಒಂದು ಕಾಲೇಜಿನವರು ನನ್ನನ್ನು ಮಾತಾಡಲು ಕರೆದಿದ್ದರು. ವಾಣಿಜ್ಯ ಓದುವ ಮಕ್ಕಳು. ವಿಷಯ, ಸಂಸ್ಥೆಯನ್ನು ಬೆಳೆಸುವ ಬಗೆ. ನಾನು ಎದ್ದು ನಿಂತು, "ಬೆಳೆಸುವುದು ನನಗೆ ಗೊತ್ತಿಲ್ಲ. ಒಳ್ಳೆಯ ಸಂಸ್ಥೆಯೊಂದು ಒಳ್ಳೆಯ ಯೋಚನೆಯಿಂದಲೇ ಹೇಗೆ ಮುಳುಗುತ್ತದೆ ಅನ್ನುವುದನ್ನು ಬೇಕಾದರೆ ಹೇಳುತ್ತೇನೆ" ಎಂದೆ. ಎಲ್ಲರೂ ನಕ್ಕರು. ಪ್ರಾಂಶುಪಾಲರೂ ನಕ್ಕರು. ಮಾತು ಮುಂದುವರಿದ ಹಾಗೆ ನಗು ನಿಂತಿತು, ಹಿಂದಿನ ಬೆಂಚುಗಳು ಖಾಲಿಯಾದವು. ಕೊನೆಗೆ ಒಬ್ಬ ಉಪನ್ಯಾಸಕರು ನನ್ನ ಮಾತು ಬಹಳ ಸ್ಫೂರ್ತಿದಾಯಕವಾಗಿತ್ತೆಂದು ಹೇಳಿ ಹಾರ ಹಾಕಿದರು. ಅವರು ಒಂದು ಮಾತನ್ನೂ ಕೇಳಿಸಿಕೊಂಡಿರಲಿಲ್ಲ ಎಂಬುದು ಆಗ ಖಚಿತವಾಯಿತು. ಎದ್ದು ಹೋಗದೆ ಕೂತಿದ್ದ ನಾಲ್ಕಾರು ಮಕ್ಕಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬ ಪುರಾಣ ಬೇಡ. ಚಿಂತಾಮಣಿಯ ಶಾಲಾ ಮೇಷ್ಟ್ರೊಬ್ಬರ ಮಗ ನಾನು. ಐವತ್ತರ ದಶಕದ ನಡುವಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಶಿಡ್ಲಘಟ್ಟದ ಖಾದರ್ ಸಾಹೇಬರ ರೇಷ್ಮೆ ಫಿಲೇಚರಿಗೆ ಗುಮಾಸ್ತನಾಗಿ ಸೇರಿದೆ. ಫಿಲೇಚರ್ ಎಂದರೆ ರೇಷ್ಮೆಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ಅದರಿಂದ ನೂಲು ಬಿಚ್ಚುವ ಕಾರ್ಖಾನೆ. ಗೂಡಿನೊಳಗೆ ಬೆಂದ ಹುಳದ ವಾಸನೆಗೆ ಮೊದಲ ದಿನ ಮಧ್ಯಾಹ್ನ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ವಾಸನೆ ಇದೆ ಎಂಬುದೇ ಮರೆತುಹೋಯಿತು. ರಜೆಗೆ ಊರಿಗೆ ಹೋದರೆ ಮಾತ್ರ ನಮ್ಮಮ್ಮ, "ಹಿತ್ಲು ಬಾಗ್ಲಿಂದ ಬಾರಪ್ಪ, ಮೊದ್ಲು ಸ್ನಾನ ಮಾಡು" ಎಂದು ನೆನಪಿಸುತ್ತಿದ್ದಳು.

ಖಾದರ್ ಸಾಹೇಬರು ದಪ್ಪ ಶರೀರದ, ಸಣ್ಣ ಧ್ವನಿಯ ಮನುಷ್ಯ. ಆ ಕಾಲಕ್ಕೆ ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವುದೆಲ್ಲ ಮನೆಮನೆಯ ಚರಕದಲ್ಲಿ. ಒಂದು ಒಲೆ, ಒಂದು ಪಾತ್ರೆ, ಒಂದು ರಾಟೆ; ಗೂಡು ಸಿಕ್ಕಿದ ದಿನ ಕೆಲಸ, ಸಿಗದ ದಿನ ಉಪವಾಸ. ಸಾಹೇಬರು ದೊಡ್ಡ ಶೆಡ್ಡು ಹಾಕಿ, ಗೂಡು ಬೇಯಿಸಲು ಬೆಂಗಳೂರಿನಲ್ಲಿ ಮಾಡಿಸಿದ ತಾಮ್ರದ ಬಾನಿಗಳನ್ನು ಸಾಲಾಗಿ ಕೂರಿಸಿದರು. ಆಮೇಲೆ ಕೈ ಪಳಗಿದ ಹೆಂಗಸರ ಮನೆಗಳಿಗೆ ತಾವೇ ಹೋಗಿ, "ಚರಕ ಮಾರಿಬಿಡಿ ಅಮ್ಮಾ, ನನ್ನ ಶೆಡ್ಡಿಗೆ ಬನ್ನಿ. ಅಲ್ಲಿ ಒಲೆ ಆರಕ್ಕೆ ಬಿಡಲ್ಲ. ಮಳೆ ಬರ್ಲಿ, ಬರ ಬರ್ಲಿ, ನಿಮಗೆ ದಿನಾ ಕೆಲ್ಸ" ಎಂದು ಮಾತು ಕೊಟ್ಟರು.

ಆ ಮಾತು ನಂಬಿ ಚರಕ ಮಾರಿ ಬಂದವರಲ್ಲಿ ಹುಸೇನ್ ಬೀ ಮೊದಲಿಗಳು. ಗಂಡ ಜಟಕಾ ಓಡಿಸುತ್ತಿದ್ದ, ಮನೆ ತುಂಬ ಮಕ್ಕಳು. ಬಿಸಿನೀರಿನಲ್ಲಿ ನೆನೆದು ನೆನೆದು ಅವಳ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ನಾಲಗೆ ಮಾತ್ರ ಕತ್ತರಿ. ನಾನು ಬೆಳಗ್ಗೆ ಶೆಡ್ಡಿಗೆ ಕಾಲಿಟ್ಟರೆ, "ಏನ್ ಮೇಷ್ಟ್ರ ಮಗ, ಇವತ್ತು ಗೂಡು ತಂದ್ಯಾ, ಬರೀ ಮೂತಿ ತಂದ್ಯಾ?" ಎಂದು ಕೇಳುತ್ತಿದ್ದಳು. ಎಲ್ಲ ಸಾಲಿನ ಹೆಂಗಸರೂ ನಗುತ್ತಿದ್ದರು. ಆದರೆ ಆ ಪ್ರಶ್ನೆಯೇ ನಮ್ಮ ಇಡೀ ವ್ಯವಹಾರ. ಗೂಡು ಬಂದರೆ ಒಲೆ ಉರಿಯುತ್ತದೆ, ಬರದಿದ್ದರೆ ಅವಳು ಎಲ್ಲಿಗೆ ಹೋಗಬೇಕು?

ಗೂಡು ತರುವುದೇನು ಸುಲಭವಿರಲಿಲ್ಲ. ಅಕ್ಕಿಯಂತೆ ಮೂಟೆ ಕಟ್ಟಿ ಇಟ್ಟುಕೊಳ್ಳುವ ಸಾಮಾನಲ್ಲ ಅದು. ಬಿಡಿಸಿದ ಕೆಲವೇ ದಿನಗಳಲ್ಲಿ ಒಳಗಿನ ಹುಳ ಚಿಟ್ಟೆಯಾಗಿ ಗೂಡು ಕೊರೆದು ಹೊರಬರುತ್ತದೆ. ತೂತಾದ ಗೂಡಿನಿಂದ ನೂಲು ಬರುವುದಿಲ್ಲ. ಗೌರಿಬಿದನೂರಿನಲ್ಲಿ ನಮ್ಮ ಪರವಾಗಿ ಕೊಳ್ಳುತ್ತಿದ್ದ ಏಜೆಂಟನೊಬ್ಬ ಬುದ್ಧಿವಂತಿಕೆ ಮಾಡಿದ. ದಿನಾ ಸ್ವಲ್ಪ ಸ್ವಲ್ಪ ಕಳಿಸಿದರೆ ಬಸ್ಸಿನ ಬಾಡಿಗೆ ದಂಡ ಎಂದು, ಗೂಡನ್ನು ಕೂಡಿಟ್ಟು ಒಂದೇ ಸಲ ಬಸ್ಸಿನ ಮೇಲೆ ಹೇರಿದ. ದಾರಿಯಲ್ಲಿ ಬಸ್ಸು ಕೆಟ್ಟಿತು. ಬಿಸಿಲಲ್ಲಿ ಕೂತ ಮೂಟೆಗಳಿಂದ ಚಿಟ್ಟೆಗಳು ಹೊರಟವು. ಬಸ್ಸು ಶಿಡ್ಲಘಟ್ಟ ತಲುಪುವಾಗ ಕಿಟಕಿ, ಸೀಟು, ಮದುವೆಗೆ ಹೊರಟಿದ್ದವರ ಜರಿಪೇಟ, ಎಲ್ಲದರ ಮೇಲೂ ಬಿಳಿ ಚಿಟ್ಟೆಗಳು ತೆವಳುತ್ತಿದ್ದವು. ಕಂಡಕ್ಟರು ನಮ್ಮ ಗೇಟಿಗೇ ಬಸ್ಸು ತಂದು ನಿಲ್ಲಿಸಿ, "ತಗೊಳ್ರಪ್ಪ ನಿಮ್ಮ ಪ್ಯಾಸೆಂಜರ್‌ಗಳ್ನ, ಯಾರೂ ಟಿಕೀಟು ತಗಂಡಿಲ್ಲ" ಎಂದ. ಸಾಹೇಬರು ಕೂಡ ನಕ್ಕರು. ಅವತ್ತು ನಗುವಷ್ಟು ಚೈತನ್ಯ ನಮ್ಮಲ್ಲಿತ್ತು.

ಗೂಡು ಕೊಳ್ಳುವ ನಮ್ಮ ಮುಖ್ಯ ಮನುಷ್ಯ ಬಚ್ಚಪ್ಪ. ಕೈವಾರದ ಕಡೆಯವನು. ಮಾತು ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತಿತ್ತು. ಹೆಗಲ ಮೇಲೆ ಯಾವಾಗಲೂ ಒಂದು ಕೆಂಪಂಚಿನ ಟವಲು. ಆಗ ಸಂತೆಯಲ್ಲಿ ಗೂಡಿನ ದರವನ್ನು ಬಾಯಲ್ಲಿ ಆಡುತ್ತಿರಲಿಲ್ಲ. ಕೊಳ್ಳುವವನೂ ಮಾರುವವನೂ ಕೈ ಕೈ ಹಿಡಿದು ಮೇಲೆ ಟವಲು ಹೊದಿಸುವರು. ಒಳಗೆ ಬೆರಳುಗಳೇ ಮಾತಾಡಬೇಕು. ಬೆರಳು ಹಿಡಿದರೆ ಒಂದು ಲೆಕ್ಕ, ಗೆಣ್ಣು ಒತ್ತಿದರೆ ಇನ್ನೊಂದು, ಅಂಗೈ ಗೀರಿದರೆ ಆಗುವುದಿಲ್ಲ ಎಂದರ್ಥ. ಹೊರಗೆ ಬಾಯಿ ಬೇರೆಯೇ ಮಾತಾಡುತ್ತಿತ್ತು.

"ಏಮಪ್ಪಾ, ನಿಮ್ ಕಡೆ ಮಳೆ ಹೆಂಗೆ?" ಎನ್ನುವನು ಬಚ್ಚಪ್ಪ, ಒಳಗೆ ರೈತನ ಎರಡು ಬೆರಳು ಅಮುಕುತ್ತಾ.

"ಎಲ್ಲೈತೆ ಮಳೆ, ಮೋಡ ಬರ್ತೈತೆ, ಹೋಗ್ತೈತೆ" ಎನ್ನುವನು ರೈತ, ಒಳಗೆ ಮೂರನೆಯ ಬೆರಳು ಚಾಚುತ್ತಾ.

ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ಕೊನೆಗೆ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡರೆ ವ್ಯಾಪಾರ ಕುದುರಿತು ಎಂದರ್ಥ. ಎಷ್ಟಕ್ಕೆ ಎಂಬುದು ಆ ಇಬ್ಬರಿಗೆ ಮಾತ್ರ ಗೊತ್ತು. ಪಕ್ಕದಲ್ಲಿ ನಿಂತ ತಮ್ಮನಿಗೂ ಗೊತ್ತಾಗುತ್ತಿರಲಿಲ್ಲ.

ಬಚ್ಚಪ್ಪನನ್ನು ದೇವರೆಂದು ನಾನು ಹೇಳುತ್ತಿಲ್ಲ. ಒಂದು ಸಲ ಅವನು ತನ್ನ ಭಾಮೈದನ ಗೂಡನ್ನು ಅತಿ ಹೆಚ್ಚಿನ ದರಕ್ಕೆ ಕೊಂಡು ತಂದ. ಮೂಟೆ ಬಿಚ್ಚಿದರೆ ಎಲ್ಲ ಒದ್ದೆ, ಅರ್ಧ ಕೊಳೆತದ್ದು. ಹುಸೇನ್ ಬೀ ಒಂದು ಹಿಡಿ ಗೂಡನ್ನು ಅವನ ಮುಂದೆ ಹಿಡಿದು, "ಇದ್ರಲ್ಲಿ ನೂಲಲ್ಲ ಬಚ್ಚಪ್ಪಣ್ಣಾ, ಸಾರು ಮಾಡ್ಬೇಕು" ಎಂದಳು. ಬಚ್ಚಪ್ಪ ಹಲ್ಲು ಕಿರಿದು, "ಪೋನೀಲೆಮ್ಮಾ, ಹೋಗ್ಲಿ ಬಿಡು, ಹೆಂಡ್ತಿ ಕಡೆಯೋರು, ಏನ್ಮಾಡಾದು" ಎಂದ. ಟವಲಿನ ಕೆಳಗೆ ಇಂಥವು ಬಹಳ ನಡೆಯುತ್ತಿದ್ದವು. ಸಾಹೇಬರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹೀಗಿರುವಾಗ ಸಾಹೇಬರಿಗೆ ಶೆಡ್ಡನ್ನು ಎರಡರಷ್ಟು ಮಾಡುವ ಆಸೆ ಹುಟ್ಟಿತು. ಅದಕ್ಕೆ ತಕ್ಕ ಮ್ಯಾನೇಜರು ಬೇಕೆಂದು ಬೊಂಬಾಯಿಯ ಬಟ್ಟೆ ಗಿರಣಿಯಲ್ಲಿ ದುಡಿದಿದ್ದ ಶ್ರೀಕಂಠರಾಯರನ್ನು ಕರೆತಂದರು. ರಾಯರು ಕೆಟ್ಟವರಾಗಿದ್ದರೆ ಈ ಕಥೆ ಬರೆಯುವುದು ನನಗೆ ಎಷ್ಟೋ ಸುಲಭವಾಗುತ್ತಿತ್ತು. ಅವರು ಒಂದು ಕಾಸು ಮುಟ್ಟದ ಮನುಷ್ಯ. ಕೆಲಸದ ಹೆಂಗಸರನ್ನು ಬಹುವಚನದಲ್ಲಿ ಮಾತಾಡಿಸಿದ ಮೊದಲ ಮೇಲಧಿಕಾರಿ. ಶೆಡ್ಡಿನಲ್ಲಿ ಗಾಳಿಗೆಂದು ಕಿಟಕಿ ಹೊಡೆಸಿದರು, ಕುಡಿಯುವ ನೀರಿಗೆ ಬೇರೆ ಕೊಳಾಯಿ ಹಾಕಿಸಿದರು. ಕೆಲಸ ಕಲಿಯಬೇಕೆಂದರೆ ಇಂಥವರ ಕೈಕೆಳಗೆ ಕಲಿಯಬೇಕು. ನಾನು ಕಲಿತದ್ದೆಲ್ಲ ಅವರಿಂದಲೇ.

ಬಂದ ಕೆಲವೇ ವಾರಗಳಲ್ಲಿ ರಾಯರು ಸೋರಿಕೆ ಎಲ್ಲಿದೆ ಎಂದು ಕಂಡುಹಿಡಿದರು. ನನ್ನನ್ನೂ ಸಾಹೇಬರನ್ನೂ ಕೂರಿಸಿಕೊಂಡು, "ನಮ್ಮ ಕಚ್ಚಾಮಾಲಿನ ಬೆಲೆಯನ್ನು ನಾವು ನಿರ್ಧರಿಸುತ್ತಿಲ್ಲ, ಒಂದು ಟವಲು ನಿರ್ಧರಿಸುತ್ತಿದೆ. ಯಾವ ಸಂಸ್ಥೆಯೂ ಹೀಗೆ ಬೆಳೆಯುವುದಿಲ್ಲ. ದರ ಎಲ್ಲರಿಗೂ ಕಾಣಬೇಕು, ದರ್ಜೆ ಎಲ್ಲರಿಗೂ ಕೇಳಬೇಕು. ಒಳ್ಳೆಯ ಬೆಳೆ ತೆಗೆದವನಿಗೆ ಹೆಚ್ಚು, ಕೆಟ್ಟದ್ದು ತಂದವನಿಗೆ ಕಡಿಮೆ. ಆಗ ಎಲ್ಲರೂ ಒಳ್ಳೆಯದನ್ನೇ ಬೆಳೆಯುತ್ತಾರೆ" ಎಂದರು.

ಇದರಲ್ಲಿ ತಪ್ಪೇನಿದೆ ಹೇಳಿ? ನಾನು ಹುಡುಕಿ ಹುಡುಕಿ ಸೋತಿದ್ದೇನೆ. ಇವತ್ತು ಕೇಳಿದರೂ ರಾಯರು ಹೇಳಿದ್ದೇ ಸರಿ ಎನ್ನುತ್ತೇನೆ, ಅದಕ್ಕೇ ನನಗೆ ಈ ವಿಷಯದಲ್ಲಿ ನೆಮ್ಮದಿಯಿಲ್ಲ.

ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರು ಮೂರು ಕಡೆಯೂ ನಮ್ಮ ಖರೀದಿ ಕೇಂದ್ರಗಳು ತೆರೆದವು. ಪ್ರತಿ ಕೇಂದ್ರದ ಬಾಗಿಲಲ್ಲಿ ಒಂದು ಕರಿಹಲಗೆ. ಬೆಳಗ್ಗೆ ಅದರ ಮೇಲೆ ಮೂರು ದರ್ಜೆಯ ದರ ಬರೆಯುವುದು. ರೈತ ಮೂಟೆ ಬಿಚ್ಚಿದೊಡನೆ ಒಂದು ಹಿಡಿ ಗೂಡು ತೆಗೆದು, ಕೊಯ್ದು ನೋಡಿ, ಹೆಸರು ಊರು ಸಹಿತ ದರ್ಜೆಯನ್ನು ಗಟ್ಟಿಯಾಗಿ ಕೂಗುವುದು. ಬಚ್ಚಪ್ಪನನ್ನು ಸಂತೆಯ ನಡುವೆಯೇ ಕೆಲಸದಿಂದ ತೆಗೆದರು. ಭಾಮೈದನ ಗೂಡಿನ ಸಂಗತಿಯನ್ನು ಎಲ್ಲರ ಎದುರಿಗೆ ಹೇಳಿಯೇ ತೆಗೆದರು. ಮುಚ್ಚುಮರೆ ಇರಬಾರದು ಎಂಬುದು ರಾಯರ ನೇಮ. ಬಚ್ಚಪ್ಪ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟ. ಮರುವಾರವೇ ಚಿಂತಾಮಣಿಯ ಇನ್ನೊಬ್ಬ ವ್ಯಾಪಾರಿಯ ಬಳಿ ಸೇರಿದ.

ಮೊದಮೊದಲು ಎಲ್ಲವೂ ರಾಯರು ಹೇಳಿದಂತೆಯೇ ನಡೆಯಿತು. ಗೂಡು ಹರಿದು ಬಂತು, ನೂಲು ಮಿನುಗಿತು, ಸಾಹೇಬರು ಶೆಡ್ಡಿನಲ್ಲೆಲ್ಲ ಜಿಲೇಬಿ ಹಂಚಿದರು. ಹುಸೇನ್ ಬೀ ತನ್ನ ತಂಗಿಯನ್ನೂ ಚರಕ ಮಾರಿಸಿ ಕರೆತಂದಳು. ಹೊಸ ಬಾನಿಗಳು ಬಂದು ಕೂತವು.

ಆಮೇಲೆ ಚಿಕ್ಕಬಳ್ಳಾಪುರ ಕೇಂದ್ರಕ್ಕೆ ಕಳವಾರದ ಆಂಜಿನಪ್ಪ ಬಂದ. ಹಿಪ್ಪುನೇರಳೆ ತೋಟ ಇದ್ದವನು, ನಾಲ್ಕು ಜನ ಮಾತು ಕೇಳುವಂಥ ಹಿರಿಯ. ಆ ಸಲ ಅವನ ಹುಳ ಕೆಟ್ಟು ಗೂಡು ತೆಳ್ಳಗಾಗಿತ್ತು. ಬೆರಳಲ್ಲಿ ಒತ್ತಿದರೆ ಕುಸಿಯುತ್ತಿತ್ತು. ಅವತ್ತು ಕೇಂದ್ರದಲ್ಲಿದ್ದವನು ನಾನೇ. ನಿಯಮದಂತೆ, "ಕಳವಾರದ ಆಂಜಿನಪ್ಪ, ಮೂರನೇ ದರ್ಜೆ" ಎಂದು ನಮ್ಮ ಜವಾನ ಕೂಗಿದ. ಜನ ಅವನ ಕಡೆ ತಿರುಗಿದರು. ಆಂಜಿನಪ್ಪನ ಪಕ್ಕದಲ್ಲೇ ನಿಂತಿದ್ದವನು ಅವನ ಬೀಗನಾಗಬೇಕಿದ್ದ ಮನುಷ್ಯ. ಆಂಜಿನಪ್ಪನ ಮಗಳನ್ನು ಆ ಮನೆಗೆ ಕೊಡುವ ಮಾತು ನಡೆಯುತ್ತಿತ್ತು. ನಮ್ಮ ಕಡೆ ಹುಳ ಕೆಟ್ಟಿತು ಎಂದರೆ ಬರೀ ಬೆಳೆ ಕೆಟ್ಟಿತು ಎಂದಲ್ಲ. ಆ ಮನೆಯಲ್ಲಿ ಏನೋ ಮೈಲಿಗೆಯಾಗಿದೆ, ಹೆಂಗಸರ ನೇಮ ತಪ್ಪಿದೆ ಎಂದು ಆಡಿಕೊಳ್ಳುತ್ತಾರೆ.

ಆಂಜಿನಪ್ಪ ಮೂಟೆಯ ಬಾಯನ್ನು ಮತ್ತೆ ಕಟ್ಟತೊಡಗಿದ.

"ಯಾಕೆ ಗೌಡ್ರೇ, ದರ ಒಪ್ಪಲಿಲ್ವಾ?" ಎಂದು ಕೇಳಿದೆ.

"ದರದ ಮಾತು ಯಾರಪ್ಪ ಆಡಿದ್ರು?" ಎಂದ. "ಕಮ್ಮಿ ಕೊಡ್ತಿದ್ರೆ ಕಮ್ಮಿ ತಗಂತಿದ್ದೆ. ನನ್ ಮನೆ ಹುಳದ ಮಾನ ಬೀದೀಗ್ ಹಾಕಿದ್ರಲ್ಲ. ನಿನ್ ಕೈಗೆ ಒಂದು ಟವಲು ಸಿಗ್ಲಿಲ್ವಾ ಮುಚ್ಚಾಕೆ?"

ಮೂಟೆ ಹೊತ್ತು ಹೋಗಿ ಅವನು ಬಚ್ಚಪ್ಪನ ಹೊಸ ಯಜಮಾನನಿಗೆ ಮಾರಿದ. ನಾವು ಕೊಡುತ್ತಿದ್ದುದಕ್ಕಿಂತ ಕಡಿಮೆಗೇ ಮಾರಿದನೆಂದು ಆಮೇಲೆ ತಿಳಿಯಿತು. ರಾಯರಿಗೆ ಇದನ್ನು ಹೇಳಿದರೆ ಅವರು ನಂಬಲೇ ಇಲ್ಲ. "ಕಡಿಮೆಗೆ ಯಾರಾದರೂ ಮಾರುತ್ತಾರೇನ್ರೀ? ನಿಮಗೆ ಯಾರೋ ಸುಳ್ಳು ಹೇಳಿದ್ದಾರೆ" ಎಂದರು. ಲೆಕ್ಕ ಕಲಿತವರಿಗೆ ಇದು ಸುಲಭವಾಗಿ ಹಿಡಿಸುವುದಿಲ್ಲ.

ಕೆಟ್ಟ ಗೂಡಿನವರು ಹೋದರೆ ಹೋಗಲಿ, ನಮಗೆ ಬೇಕಾದದ್ದು ಒಳ್ಳೆಯ ಗೂಡು ತಾನೇ ಎಂದು ರಾಯರು ಸಮಾಧಾನ ಮಾಡಿಕೊಂಡರು. ಒಳ್ಳೆಯವರನ್ನು ಉಳಿಸಿಕೊಳ್ಳಲು ಇನ್ನೊಂದು ಯೋಜನೆ ಹಾಕಿದರು. ಬೆಳೆಯ ಕೊನೆಗೆ ಅತ್ಯುತ್ತಮ ಗೂಡು ತಂದ ರೈತನಿಗೆ ಸನ್ಮಾನ. ಅವನ ಹೆಸರನ್ನು ಎಲ್ಲ ಕೇಂದ್ರಗಳ ಹಲಗೆಯ ಮೇಲೂ, ಶೆಡ್ಡಿನ ಗೇಟಿಗೆ ಹಾಕಿಸಿದ ಹಲಗೆಯ ಮೇಲೂ ದಪ್ಪಕ್ಷರದಲ್ಲಿ ಬರೆಯಬೇಕು. ಶಿಡ್ಲಘಟ್ಟದ ಹತ್ತಿರದ ಹಳ್ಳಿಯ ವೆಂಕಟರವಣಪ್ಪ ಆಯ್ಕೆಯಾದ. ಶೆಡ್ಡಿನ ಮುಂದೆ ಶಾಮಿಯಾನ ಹಾಕಿದೆವು, ಹಾರ ತಂದೆವು, ಊರ ಗಣ್ಯರು ಬಂದು ಕೂತರು. ವೆಂಕಟರವಣಪ್ಪ ಬರಲಿಲ್ಲ. ಹೇಳಿ ಕಳಿಸಿದರೆ ಮನೆಗೆ ಬೀಗ. ಕೊನೆಗೆ ಗಣ್ಯರೇ ಒಬ್ಬರಿಗೊಬ್ಬರು ಹಾರ ಹಾಕಿಕೊಂಡು ಉಪ್ಪಿಟ್ಟು ತಿಂದು ಹೋದರು.

ಮರುದಿನ ಅವನ ಹೆಂಡತಿ ಲಕ್ಷ್ಮೀದೇವಮ್ಮ ಶೆಡ್ಡಿನ ಗೇಟಿಗೆ ಬಂದಳು. ಒಳಗೆ ಬಾರಮ್ಮ ಎಂದರೆ ಬರಲಿಲ್ಲ. ಬೆಂದ ಹುಳದ ವಾಸನೆ ಸೆರಗಿಗೆ ಹತ್ತಿದರೆ ಮನೆಯ ಹುಳಕ್ಕೆ ಆಗುವುದಿಲ್ಲವಂತೆ.

"ನಮ್ ಯಜಮಾನ್ರ ಹೆಸ್ರು ಅಳಿಸ್ಬಿಡಪ್ಪ" ಎಂದಳು. "ಊರೋರೆಲ್ಲ ನಮ್ ಮನೆ ಕಡೇನೇ ನೋಡ್ತಾವ್ರೆ. 'ಏನಮ್ಮಾ, ಫಸ್ಟ್ ಬಂದ್ರಂತೆ' ಅಂತ ಬಾಗ್ಲಿಗೇ ಬಂದು ಕೇಳ್ತಾರೆ. ನಾಲ್ಕನೇ ಜ್ವರಕ್ಕೆ ಕೂತವೆ ನಮ್ ಹುಳ. ಈಗ ಕಣ್ಣು ಬಿದ್ರೆ ಒಂದೂ ಏಳಲ್ಲ."

ಹುಳ ಮೇವು ಬಿಟ್ಟು ಪೊರೆ ಕಳಚಲು ಮಲಗುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾನು ಹಲಗೆ ಒರೆಸಿದೆ. ರಾಯರು ಕಿಟಕಿಯಿಂದ ನೋಡುತ್ತಿದ್ದರು. ಬೈಯಲಿಲ್ಲ. ಅವಳು ಹೋದ ಮೇಲೆ, "ಮೊದಲನೆಯವನೂ ಬೇಡ ಅಂತಾನೆ, ಕೊನೆಯವನೂ ಬೇಡ ಅಂತಾನೆ. ಹಾಗಾದರೆ ನಾವು ಯಾರಿಗೋಸ್ಕರ ಇದನ್ನು ಬರೆದೆವು?" ಎಂದು ಕೇಳಿದರು.

ಲಕ್ಷ್ಮೀದೇವಮ್ಮನ ಹುಳ ಆ ಸಲ ಏಳಲಿಲ್ಲ. ಕಣ್ಣು ಬಿತ್ತೋ, ಸೊಪ್ಪು ಒದ್ದೆಯಿತ್ತೋ, ಯಾರಿಗೆ ಗೊತ್ತು? ಊರಿನವರಿಗೆ ಮಾತ್ರ ಅನುಮಾನವೇ ಇರಲಿಲ್ಲ. ಖಾದರ್ ಸಾಹೇಬರ ಹಲಗೆಯ ಮೇಲೆ ಹೆಸರು ಬಂದ ಮನೆ ಹಾಳಾಗುತ್ತದೆ ಎಂದು ಗೌರಿಬಿದನೂರಿನ ಆಚೆ ವಿದುರಾಶ್ವತ್ಥದವರೆಗೂ ಸುದ್ದಿ ಹಬ್ಬಿತು. ಒಳ್ಳೆಯ ಗೂಡಿನವರು ದೃಷ್ಟಿಗೆ ಹೆದರಿ ಬಿಟ್ಟರು, ಕೆಟ್ಟ ಗೂಡಿನವರು ಮಾನಕ್ಕೆ ಹೆದರಿ ಬಿಟ್ಟರು. ಉಳಿದವರು ಹೆಸರಿಗೂ ಹೆದರದ, ಹುಳವನ್ನೂ ಸರಿಯಾಗಿ ನೋಡಿಕೊಳ್ಳದ ಒಂದಿಷ್ಟು ಜನ. ಅವರ ಗೂಡಿನ ಎಳೆ ಬಾನಿಯಲ್ಲಿ ಹೆಜ್ಜೆಹೆಜ್ಜೆಗೂ ತುಂಡಾಗುತ್ತಿತ್ತು. ಹುಸೇನ್ ಬೀ ತುಂಡಾದ ಎಳೆ ಹುಡುಕಿ ಹುಡುಕಿ ಜೋಡಿಸುತ್ತಾ, "ರಾಯರು ನಮಗೆ ನೂಲು ಬಿಚ್ಚಕ್ಕೆ ಕೊಟ್ಟವ್ರೋ, ಹೇನು ಹೆಕ್ಕಕ್ಕೆ ಕೊಟ್ಟವ್ರೋ?" ಎನ್ನುತ್ತಿದ್ದಳು. ನಗುವವರು ಕಡಿಮೆಯಾಗಿದ್ದರು.

ಹೊಸ ಬಾನಿಗಳ ಒಲೆ ಮೊದಲು ಆರಿತು. ಹುಸೇನ್ ಬೀಯ ತಂಗಿ ಮನೆಗೆ ಹೋದಳು, ಮನೆಯಲ್ಲಿ ಚರಕವಿರಲಿಲ್ಲ. ಆಮೇಲೆ ಹಳೆಯ ಸಾಲಿನಲ್ಲೂ ದಿನಕ್ಕೆ ಅರ್ಧ ಒಲೆ ಮಾತ್ರ ಹಚ್ಚತೊಡಗಿದೆವು. ಯಾರನ್ನು ಕೂರಿಸಬೇಕು, ಯಾರನ್ನು ಕಳಿಸಬೇಕು ಎಂಬ ಪ್ರಶ್ನೆ ಬಂದಾಗ ಹುಸೇನ್ ಬೀ ಎದ್ದು ನಿಂತು, "ಯಾರ್ನೂ ಕಳಿಸ್ಬೇಡಿ. ಒಂದಿನ ನಾನು, ಒಂದಿನ ಅವಳು. ಅರ್ಧ ಹೊಟ್ಟೆ ಆದ್ರೂ ಎಲ್ಲಾರ್ಗೂ ಸಿಗ್ಲಿ" ಎಂದಳು. ಹಾಗೆಯೇ ಮಾಡಿದೆವು. ಆ ಅರ್ಧವೂ ಕಾಲು ಭಾಗಕ್ಕೆ ಇಳಿದಾಗ ಅದನ್ನು ನೋಡಲು ನನಗೆ ಧೈರ್ಯ ಸಾಲುತ್ತಿರಲಿಲ್ಲ. ಬೆಳಗ್ಗೆ ಶೆಡ್ಡಿನ ಹಿಂದಿನ ಬಾಗಿಲಿನಿಂದ ಒಳಗೆ ಹೋಗುವುದನ್ನು ರೂಢಿ ಮಾಡಿಕೊಂಡೆ.

ಹಲಗೆ ತೆಗೆದು ಮತ್ತೆ ಟವಲಿಗೇ ಹೋಗೋಣ ಎಂದು ನಾನು ಸಾಹೇಬರಿಗೆ ಹೇಳಿದೆ. ಅವರು ತಲೆ ಅಲ್ಲಾಡಿಸಿದರು.

"ಊರಿಗೆಲ್ಲ ಹೇಳಿದ್ದೀನಲ್ಲಪ್ಪ, ಖಾದರ್ ಅಂಗಡೀಲಿ ಮುಚ್ಚುಮರೆ ಇಲ್ಲ ಅಂತ. ಈಗ ತೆಗೆದ್ರೆ ಏನಂತಾರೆ? ಮತ್ತೆ ಕಳ್ಳ ವ್ಯಾಪಾರಕ್ಕೆ ಇಳಿದ ಅಂತಾರೆ. ನನ್ನ ಮುಖ ಎಲ್ಲಿಡ್ಲಿ?"

ಮಾನದ ಕಾಯಿಲೆ ರೈತರಿಗೆ ಮಾತ್ರ ಇತ್ತೆಂದು ನೀವು ತಿಳಿಯಬಾರದು.

ಒಂದು ಬೇಸಗೆಯುದ್ದಕ್ಕೂ ಹೇಳಿ ಹೇಳಿ ಕೊನೆಗೆ ಅವರನ್ನು ಒಪ್ಪಿಸಿದೆ. ಬಚ್ಚಪ್ಪನನ್ನು ಕರೆತರಲು ಕೈವಾರಕ್ಕೆ ಹೋದೆ. ಅವನು ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಮೈಯಲ್ಲಿ ಹೊಸ ಸಿಲ್ಕ್ ಜುಬ್ಬ. ಹೊಸ ಯಜಮಾನನನ್ನೂ ಚೆನ್ನಾಗಿ ತಿನ್ನುತ್ತಿದ್ದಾನೆಂದು ನೋಡಿದರೇ ತಿಳಿಯುತ್ತಿತ್ತು. ನಾನು ಹೇಳಿದ್ದನ್ನೆಲ್ಲ ಸಂತೋಷದಿಂದ ಕೇಳಿದ. ಎರಡನೇ ಸಲ ಹೇಳಿಸಿಕೊಂಡು ಕೇಳಿದ.

"ನಾನು ಬರ್ತೀನಿ ಕಣಯ್ಯ ಮೇಷ್ಟ್ರ ಮಗನೇ, ನನಗೇನು" ಎಂದ. "ಆದ್ರೆ ರೈತ ರಾಡು. ಬರಲ್ಲ. ಒಂದ್ಸಲ ಬೋರ್ಡು ಬರ್ದ ಕೈನ ಯಾರೂ ಟವಲೊಳಕ್ಕೆ ಬಿಟ್ಕಳಲ್ಲ. ಒಳಗೆ ಒತ್ತಿದ್ದನ್ನ ಹೊರಗೆ ಕೂಗ್ತಾನೇನೋ ಅಂತ ಭಯ ಇದ್ದೇ ಇರ್ತದೆ."

"ಹಾಗಾದ್ರೆ ಆ ಹೆಂಗಸರ ಗತಿ?" ಎಂದೆ.

"ನನ್ನನ್ನ ಸಂತೇಲಿ ನಿಲ್ಸಿ ಕಳ್ಳ ಅಂದಾಗ ನನ್ ಹೆಂಡ್ತಿ ಮಕ್ಳ ಗತಿ ಯಾರ್ ಕೇಳಿದ್ರು?" ಎಂದು ಎಲೆ ಮಡಿಚಿ ಬಾಯಿಗಿಟ್ಟುಕೊಂಡ. ಆಮೇಲೆ ನನಗೂ ಒಂದು ಎಲೆ ಕೊಟ್ಟ. ನಾನು ತೆಗೆದುಕೊಂಡೆ, ಬೇರೇನು ಮಾಡಲಿ?

ಆದರೂ ಪ್ರಯತ್ನಿಸಿದೆವು. ಹಲಗೆ ಇಳಿಸಿ ಬೇರೆ ಆಳಿಟ್ಟು ಟವಲು ಹಿಡಿಸಿದೆವು. ಅವನು ಹೇಳಿದಂತೆಯೇ ಆಯಿತು. ರೈತರು ನಮ್ಮ ಕೇಂದ್ರದ ಮುಂದಿನಿಂದ ಮೂಟೆ ಹೊತ್ತು ಹೋಗುತ್ತಿದ್ದರು, ನಮಸ್ಕಾರ ಹೇಳುತ್ತಿದ್ದರು, ನಿಲ್ಲುತ್ತಿರಲಿಲ್ಲ.

ರಾಯರು ಬೊಂಬಾಯಿಗೆ ಮರಳಿದರು. ಬಸ್ಸು ಹತ್ತಿಸಲು ಹೋದವನು ನಾನೊಬ್ಬನೇ. "ಪದ್ಧತಿ ಸರಿಯಾಗಿಯೇ ಇತ್ತು ಕಣ್ರೀ" ಎಂದರು. ಕಣ್ಣು ಕೆಂಪಾಗಿತ್ತು. ಅವರ ಮಾತು ನಿಜವೆಂದು ಮುಂದೆ ಕಾಲವೇ ತೋರಿಸಿತು. ಸರ್ಕಾರಿ ಮಾರುಕಟ್ಟೆಗಳು ಬಂದು ಗೂಡನ್ನು ಬಹಿರಂಗವಾಗಿ ಹರಾಜು ಕೂಗುವುದೇ ವಾಡಿಕೆಯಾಯಿತು. ಈಗ ಟವಲಿನ ವ್ಯಾಪಾರ ಎಂದರೆ ಆ ಕಡೆಯ ಯುವಕರಿಗೆ ಅರ್ಥವೂ ಆಗುವುದಿಲ್ಲ. ಎಲ್ಲರ ಮಾನವೂ ಒಟ್ಟಿಗೆ ಬೀದಿಗೆ ಬಿದ್ದರೆ ಯಾರ ಮಾನವೂ ಹೋಗುವುದಿಲ್ಲ. ನಾವು ಒಬ್ಬರೇ ಮೊದಲು ಮಾಡಿದೆವು, ನಮ್ಮ ಬಳಿ ಬಂದವರ ಮಾನ ಮಾತ್ರ ಹೋಯಿತು. ಸರಿಯಾದದ್ದನ್ನು ಸರಿಯಾಗಿಯೇ ಮಾಡಿ ಇಷ್ಟು ಜನರ ಅನ್ನ ಕಳೆದೆವು. ಇದರಿಂದ ನೀವು ಏನು ಪಾಠ ಕಲಿಯಬೇಕೆಂದು ಕೇಳಬೇಡಿ. ನಾನು ಆಮೇಲೆ ಬೇರೆ ಬೇರೆ ಸಂಸ್ಥೆಗಳಲ್ಲಿ ನಿವೃತ್ತಿಯವರೆಗೂ ದುಡಿದೆ, ನನಗೇ ಅದು ತಿಳಿಯಲಿಲ್ಲ.

ಅರವತ್ತರ ದಶಕದ ನಡುವೆ ಸಾಹೇಬರು ಶೆಡ್ಡನ್ನು ಮಾರಲು ನಿಂತರು. ಕೊಳ್ಳಲು ಬಂದವನು ಚಿಂತಾಮಣಿಯ ಆ ವ್ಯಾಪಾರಿಯೇ. ದಲ್ಲಾಳಿಯಾಗಿ ಜೊತೆಯಲ್ಲಿ ಬಚ್ಚಪ್ಪ. ಸುದ್ದಿ ತಿಳಿದು ಹೆಂಗಸರೆಲ್ಲ ಬೆಳಗ್ಗೆಯೇ ಬಂದು ತಮ್ಮ ತಮ್ಮ ಬಾನಿಯ ಮುಂದೆ ಕೂತಿದ್ದರು. ಗೂಡಿಲ್ಲದಿದ್ದರೂ ಬಾನಿಗಳಿಗೆ ನೀರು ತುಂಬಿಸಿ, ನಾಲ್ಕು ಒಲೆ ಹಚ್ಚಿಟ್ಟಿದ್ದರು. ಕೊಳ್ಳುವವನು ಬಂದಾಗ ಶೆಡ್ಡು ಜೀವಂತವಾಗಿ ಕಾಣಲಿ ಎಂಬುದು ಹುಸೇನ್ ಬೀಯ ಯೋಚನೆ.

"ಅವ್ನಿಗೆ ಗೂಡು ಐತೆ, ನಮ್ಗೆ ಕೈ ಐತೆ" ಎಂದಳು ನನಗೆ. "ನಡೆಸ್ತಾನೆ ಅಲ್ವಾ?"

"ನಡೆಸಬಹುದು" ಎಂದೆ. ನಿಜಕ್ಕೂ ನನಗೂ ಆಸೆಯಿತ್ತು. ಸಾಹೇಬರು ಹಿಂದಿನ ದಿನ ಅವನಿಗೆ ಅದನ್ನೇ ಹೇಳಿಕಳಿಸಿದ್ದರು. ನಡೆಯುವ ಶೆಡ್ಡಾಗಿ ಕೊಂಡುಕೋ, ಕಡಿಮೆಗಾದರೂ ಕೊಡುತ್ತೇನೆ, ಹೆಂಗಸರನ್ನು ಬಿಡಬೇಡ ಎಂದು.

ವ್ಯಾಪಾರಿ ಶೆಡ್ಡಿನ ಉದ್ದಕ್ಕೂ ನಡೆದು ನೋಡಿದ. ಒಂದೆರಡು ಬಾನಿಗಳನ್ನು ಬೆರಳಿನಿಂದ ತಟ್ಟಿ ನೋಡಿದ. ಆಮೇಲೆ ಬಾಗಿಲ ಬಳಿ ಬೆಂಚಿನ ಮೇಲೆ ಸಾಹೇಬರ ಎದುರಿಗೆ ಕೂತು, "ಹೇಳಿ ಸಾಹೇಬ್ರೇ, ಎಲ್ಲಾರ್ ಎದ್ರಿಗೇ ಮಾತಾಡಣ, ನಿಮ್ ಪದ್ಧತಿ ಅದೇ ಅಲ್ವಾ?" ಎಂದ.

ಸಾಹೇಬರು ಶೆಡ್ಡಿನ ಕಡೆ ನೋಡಿದರು. ಹೆಂಗಸರೆಲ್ಲ ಇತ್ತಲೇ ನೋಡುತ್ತಿದ್ದರು. ತಮ್ಮ ಶೆಡ್ಡಿಗೆ ಎಷ್ಟು ಎಂಬುದನ್ನು ಅವರ ಕಿವಿಗೆ ಬೀಳುವಂತೆ ಹೇಳುವುದು ಸಾಹೇಬರಿಂದ ಆಗಲಿಲ್ಲ.

"ಬಚ್ಚಪ್ಪಾ" ಎಂದರು, ಆ ಸಣ್ಣ ಧ್ವನಿ ಇನ್ನೂ ಸಣ್ಣದಾಗಿತ್ತು. "ಟವಲು ಹಾಕಪ್ಪ."

ಬಚ್ಚಪ್ಪ ಹಂಗಿಸುತ್ತಾನೆಂದು ಕಾದೆ. ಹಂಗಿಸಲಿಲ್ಲ. ಹೆಗಲ ಮೇಲಿನ ಟವಲು ತೆಗೆದು ಇಬ್ಬರ ಕೈಯ ಮೇಲೂ ಮೆಲ್ಲಗೆ ಹೊದಿಸಿದ.

ಅವರು ಕೂತೇ ಇದ್ದರು. ವ್ಯಾಪಾರಿ ಮಳೆಯ ಮಾತಾಡಿದ. ಸಾಹೇಬರು ಹೌದು ಹೌದು ಎಂದರು. ಅವನು ಮಗಳ ಮದುವೆಯ ಬಗ್ಗೆ ಕೇಳಿದ, ಸಾಹೇಬರು ಆಯಿತು ಎಂದರು. ಟವಲು ಅಲ್ಲಿ ಇಲ್ಲಿ ಒಂದಿಷ್ಟು ಏಳುತ್ತಿತ್ತು, ಇಳಿಯುತ್ತಿತ್ತು. ಸಾಹೇಬರ ಮುಖವನ್ನೇ ನೋಡುತ್ತಿದ್ದೆ. ಅದರಲ್ಲಿ ಏನೂ ಕಾಣಲಿಲ್ಲ. ಜೀವನದಲ್ಲಿ ಮೊದಲ ಸಲ ಟವಲಿನೊಳಗೆ ಕೈಯಿಟ್ಟ ಮನುಷ್ಯ ಅಷ್ಟು ಚೆನ್ನಾಗಿ ಮುಖ ಮುಚ್ಚಿಕೊಳ್ಳುತ್ತಾರೆಂದು ನಾನು ಎಣಿಸಿರಲಿಲ್ಲ.

ಕೊನೆಗೆ ವ್ಯಾಪಾರಿ ಕೈ ಹೊರತೆಗೆದ. ಬಚ್ಚಪ್ಪ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ. ವ್ಯಾಪಾರ ಕುದುರಿತು. ಹುಸೇನ್ ಬೀ ನನ್ನ ಮುಖ ನೋಡಿದಳು, ನಾನು ಸಾಹೇಬರ ಮುಖ ನೋಡಿದೆ, ಅವರು ನೆಲ ನೋಡುತ್ತಿದ್ದರು.

ವ್ಯಾಪಾರಿ ಎದ್ದು ಪಂಚೆ ಸರಿಮಾಡಿಕೊಂಡು, "ತಕ್ಕಡಿ ಎಲ್ಲೈತೆ?" ಎಂದು ಕೇಳಿದ.

ಬಾನಿಗಳ ತಾಮ್ರವನ್ನು ತೂಕಕ್ಕೆ ಹಾಕುತ್ತಾರೆಂದು ಎಲ್ಲರಿಗಿಂತ ಮೊದಲು ತಿಳಿದವಳು ಹುಸೇನ್ ಬೀ. ತನ್ನ ಬಾನಿಯನ್ನು ಎರಡೂ ಕೈಯಲ್ಲಿ ಓರೆಮಾಡಿ ನೀರನ್ನೆಲ್ಲ ಮೋರಿಗೆ ಚೆಲ್ಲಿದಳು. ಆಮೇಲೆ ಸೆರಗಿನಿಂದ ಅದರ ಒಳಮೈಯನ್ನು ಒರೆಸತೊಡಗಿದಳು.

"ಏನ್ಮಾಡ್ತಿದ್ದೀಯಮ್ಮಾ?" ಎಂದೆ.

"ತೂಕಕ್ಕೆ ನೀರು ಸೇರ್ಬಾರ್ದಲ್ಲಪ್ಪ" ಎಂದಳು. "ನಮ್ ಶೆಡ್ಡಲ್ಲಿ ಮೋಸ ಇಲ್ಲ."